ಸೆರೆಂಗೆಟಿಯ ಹುಲ್ಲು, ಬಾಸೂರಿನ ಕಾವಲು



ಆಫ್ರಿಕದ ಹುಲ್ಲುಗಾವಲನ್ನು ಟೆಲಿವಿಷನ್ ತೆರೆಯ ಮೇಲೆ ನೀವೆಲ್ಲರೂ ಒಂದಲ್ಲ ಒಂದು ಸಲ ನೋಡಿದ್ದೀರಿ. ಕಣ್ಣು ಹಾಯುವಷ್ಟು ದೂರಕ್ಕೂ ಹೊಂಬಣ್ಣದ ಹುಲ್ಲು, ಕೊಡೆ ಬಿಚ್ಚಿಟ್ಟಂತೆ ಅಲ್ಲೊಂದು ಇಲ್ಲೊಂದು ಜಾಲಿಯ ಮರ, ಅದರ ನೆರಳಿನಲ್ಲಿ ಆಕಳಿಸುತ್ತ ಮಲಗಿದ ಸಿಂಹ, ಮೊಸಳೆಗಳು ಹೊಂಚಿ ಕಾದಿರುವ ಹೊಳೆಗೆ ಒಂದರ ಬೆನ್ನಿಗೆ ಒಂದರಂತೆ ಧುಮುಕುವ ಸಾವಿರಾರು ಮೃಗಗಳು. ಈ ದೃಶ್ಯ ಬಂದಾಗ ಊಟದ ತಟ್ಟೆಯ ಮುಂದೆ ಕುಳಿತವರು ಕೈ ತೊಳೆಯುವುದನ್ನೂ ಮರೆಯುತ್ತಾರೆ.

ಕಡೂರು ತಾಲ್ಲೂಕಿನ ಸಿಂಗಟಗೆರೆಯ ಕಡೆಯ ಹೈಸ್ಕೂಲು ಹುಡುಗನೊಬ್ಬ ಒಮ್ಮೆ ನನ್ನನ್ನು ಕೇಳಿದ: "ಸಾರ್, ಇದನ್ನೆಲ್ಲ ನಾವು ಹೋಗಿ ನೋಡೋಕೆ ಆಗುತ್ತಾ?" "ಆಗದೆ ಏನು? ಆದರೆ ಅದಕ್ಕೆ ಮುಂಚೆ ನಿಮ್ಮ ತಾಲ್ಲೂಕಿನಲ್ಲೇ ಇರುವುದನ್ನು ನೋಡಿದ್ದೀಯಾ?" ಎಂದೆ. ಅವನು ನಕ್ಕುಬಿಟ್ಟ. "ನಮ್ಮಲ್ಲೆಲ್ಲಿದೆ ಸಾರ್ ಕಾಡು? ಬರೀ ಬಯಲು" ಎಂದ.

ಆ "ಬರೀ ಬಯಲು" ಎಂಬ ಮಾತನ್ನು ಕುರಿತೇ ಈ ಲೇಖನ. ಆಫ್ರಿಕದ್ದೂ ಬಯಲೇ. ಅದನ್ನು ನೋಡಲು ಜಗತ್ತಿನ ಮೂಲೆಮೂಲೆಗಳಿಂದ ಜನ ವಿಮಾನ ಹತ್ತಿ ಹೋಗುತ್ತಾರೆ. ನಮ್ಮದನ್ನು ನೋಡಿ ಬಸ್ಸಿನ ಕಿಟಕಿ ಮುಚ್ಚುತ್ತೇವೆ. ಇದಕ್ಕೆ ಕಾರಣವೇನು?

ಮೊದಲು ಸವನ್ನಾ ಎಂದರೇನು ಎಂಬುದನ್ನು ತಿಳಿದುಕೊಳ್ಳೋಣ. ನೆಲವನ್ನು ಹುಲ್ಲು ಹೊದ್ದಿರುತ್ತದೆ, ಮರಗಳು ದೂರದೂರ ನಿಂತಿರುತ್ತವೆ, ಒಂದರ ಕೊಂಬೆ ಇನ್ನೊಂದಕ್ಕೆ ತಾಗುವುದಿಲ್ಲ. ವರ್ಷದಲ್ಲಿ ಕೆಲವು ತಿಂಗಳು ಮಳೆ, ಉಳಿದ ತಿಂಗಳು ಒಣ ಬಿಸಿಲು. ಇಂಥ ನೆಲವೇ ಸವನ್ನಾ. ಕಾಡು ಹಾಳಾಗಿ ಉಳಿದದ್ದು ಹುಲ್ಲುಗಾವಲು ಎಂದು ಬಹಳ ಮಂದಿ ತಿಳಿದಿದ್ದಾರೆ. ಅದು ಸರಿಯಲ್ಲ. ಬಿಸಿಲ ನಾಡಿನ ಹುಲ್ಲುಗಳು ಮನುಷ್ಯ ಕೊಡಲಿ ಹಿಡಿಯುವ ಎಷ್ಟೋ ಕಾಲ ಮುಂಚೆಯೇ, ಅಂದರೆ ಈಗ್ಗೆ ಸುಮಾರು 50ರಿಂದ 80 ಲಕ್ಷ ವರ್ಷಗಳ ಹಿಂದೆಯೇ, ಆಫ್ರಿಕ ಮತ್ತು ಏಷ್ಯಾಗಳಲ್ಲಿ ಹರಡಿಕೊಂಡವು. ಕಡಿಮೆ ನೀರಿನಲ್ಲಿ, ಸುಡುವ ಬಿಸಿಲಿನಲ್ಲಿ ಆಹಾರ ತಯಾರಿಸಿಕೊಳ್ಳುವ ಒಂದು ವಿಶೇಷ ರಾಸಾಯನಿಕ ಮಾರ್ಗ ಈ ಹುಲ್ಲುಗಳಿಗೆ ಇದೆ. ಸಸ್ಯವಿಜ್ಞಾನದ ಪುಸ್ತಕದಲ್ಲಿ ಇದನ್ನು ಸಿ-4 ವಿಧಾನ ಎಂದು ನೀವು ಓದುತ್ತೀರಿ. ನಾವು ಉಣ್ಣುವ ರಾಗಿ, ಜೋಳ, ಮೆಕ್ಕೆಜೋಳಗಳೂ ಅಗಿಯುವ ಕಬ್ಬೂ ಇದೇ ಬಗೆಯ ಹುಲ್ಲುಗಳೇ.

ಹುಲ್ಲಿಗೆ ಇನ್ನೊಂದು ಜಾಣತನವಿದೆ. ಗಿಡದ ಕುಡಿಯನ್ನು ಮೇಕೆ ಚಿವುಟಿದರೆ ಗಿಡದ ಬೆಳವಣಿಗೆ ಅಲ್ಲಿಗೆ ಕುಂಠಿತವಾಗುತ್ತದೆ. ಏಕೆಂದರೆ ಗಿಡ ಬೆಳೆಯುವುದು ತುದಿಯಿಂದ. ಹುಲ್ಲು ಬೆಳೆಯುವುದು ಬುಡದಿಂದ. ಮೇಲಿನ ಎಸಳನ್ನು ದನ ಮೇದರೂ, ಬೇಸಿಗೆಯ ಬೆಂಕಿ ಸುಟ್ಟರೂ, ಮಣ್ಣಿಗೆ ಅಂಟಿಕೊಂಡಿರುವ ಬೆಳವಣಿಗೆಯ ಬಿಂದು ಹಾಗೆಯೇ ಉಳಿದಿರುತ್ತದೆ. ಮೊದಲ ಮಳೆಗೆ ಮತ್ತೆ ಹಸಿರು. ಮೇಯುವ ಮೃಗ, ಬೆಂಕಿ, ಒಣ ಹವೆ ಇವು ಮೂರೂ ಎಳೆಯ ಗಿಡಗಳನ್ನು ಹತ್ತಿಕ್ಕುತ್ತವೆ. ಹುಲ್ಲಿಗೆ ಮಾತ್ರ ಹೆಚ್ಚು ಹಾನಿ ಮಾಡುವುದಿಲ್ಲ. ಆದ್ದರಿಂದಲೇ ಸವನ್ನಾ ಸವನ್ನಾ ಆಗಿಯೇ ಉಳಿಯುತ್ತದೆ.

ಈಗ ಸೆರೆಂಗೆಟಿಗೆ ಬರೋಣ. ಪೂರ್ವ ಆಫ್ರಿಕದ ಟಾಂಜಾನಿಯಾ ದೇಶದಲ್ಲಿರುವ ಈ ರಾಷ್ಟ್ರೀಯ ಉದ್ಯಾನದ ವಿಸ್ತೀರ್ಣ 14,763 ಚದರ ಕಿ.ಮೀ. 1951ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ಹೆಸರು ಅಲ್ಲಿನ ದನಗಾಹಿಗಳಾದ ಮಸಾಯಿ ಜನರ ಭಾಷೆಯದು. ಕೊನೆಯೇ ಇಲ್ಲದ ಬಯಲು ಎಂಬುದು ಅದರ ಅರ್ಥವೆನ್ನುತ್ತಾರೆ. ಉತ್ತರಕ್ಕೆ ಗಡಿಯಾಚೆ ಕೀನ್ಯಾದ ಮಸಾಯಿ ಮಾರಾ ಇದೆ. ಗಡಿ ಎನ್ನುವುದು ಭೂಪಟದಲ್ಲಿ ಮಾತ್ರ, ಮೃಗಗಳಿಗೆ ಅದರ ಅರಿವಿಲ್ಲ.

ಅಲ್ಲಿನ ಮುಖ್ಯ ಪ್ರಾಣಿ ಸಿಂಹವಲ್ಲ, ವಿಲ್ಡಬೀಸ್ಟ್. ನೋಡಲು ಎತ್ತಿನ ತಲೆ, ಕುದುರೆಯ ಬಾಲ, ಮೇಕೆಯ ಗಡ್ಡ ಸೇರಿಸಿ ಮಾಡಿದಂತಿರುವ ಈ ಪ್ರಾಣಿ ನಮ್ಮ ಕೃಷ್ಣಮೃಗದಂತೆಯೇ ಹುಲ್ಲೆಗಳ ಗುಂಪಿಗೆ ಸೇರಿದ್ದು. ಸುಮಾರು 13 ಲಕ್ಷ ವಿಲ್ಡಬೀಸ್ಟ್‌ಗಳೂ ಅವುಗಳ ಜೊತೆಗೆ ಸುಮಾರು 2 ಲಕ್ಷ ಜೀಬ್ರಾಗಳೂ ವರ್ಷವಿಡೀ ಗಾಣದೆತ್ತಿನಂತೆ ಒಂದು ಸುತ್ತು ಬರುತ್ತವೆ. ಜನವರಿಯಿಂದ ಮಾರ್ಚಿಯವರೆಗೆ ಆಗ್ನೇಯದ ಗಿಡ್ಡ ಹುಲ್ಲಿನ ಬಯಲಿನಲ್ಲಿ ಕರು ಹಾಕುತ್ತವೆ. ಮಳೆ ನಿಂತು ಅಲ್ಲಿ ನೀರು ಬತ್ತಿದಾಗ ವಾಯವ್ಯಕ್ಕೆ ಹೊರಡುತ್ತವೆ. ಜುಲೈನಿಂದ ಅಕ್ಟೋಬರ್‌ವರೆಗೆ ಉತ್ತರದಲ್ಲಿ, ಮಾರಾ ಹೊಳೆಯ ಆಸುಪಾಸಿನಲ್ಲಿ ಕಾಲ ಕಳೆಯುತ್ತವೆ. ಮಳೆ ಬಿದ್ದ ಸುದ್ದಿ ಬಂದಂತೆ ಮತ್ತೆ ದಕ್ಷಿಣದ ದಾರಿ ಹಿಡಿಯುತ್ತವೆ.

ಉತ್ತರದಲ್ಲಿ ನೀರೂ ಹುಲ್ಲೂ ಹೆಚ್ಚು ಇರುವಾಗ ದಕ್ಷಿಣಕ್ಕೆ ಮರಳಿ ಏಕೆ ಬರಬೇಕು? ಇಲ್ಲಿ ಮಣ್ಣಿನ ವಿಷಯ ಬರುತ್ತದೆ. ಆಗ್ನೇಯದ ಬಯಲು ಅಗ್ನಿಪರ್ವತಗಳ ಬೂದಿ ಬಿದ್ದು ಆದದ್ದು. ಆ ಬೂದಿಯಲ್ಲಿ ಸುಣ್ಣದ ಅಂಶವೂ ರಂಜಕವೂ ಹೇರಳವಾಗಿವೆ. ಹಾಲೂಡುವ ತಾಯಿಗೂ ಮೂಳೆ ಬಲಿಯಬೇಕಾದ ಕರುವಿಗೂ ಅವೇ ಬೇಕು. ಅಲ್ಲಿನ ಹುಲ್ಲು ಗಿಡ್ಡವಾದರೂ ಸತ್ವವುಳ್ಳದ್ದು. ಉತ್ತರದ್ದು ಎತ್ತರಕ್ಕೆ ಬೆಳೆದರೂ ಸತ್ವ ಕಡಿಮೆ. ಜೊತೆಗೆ ಗಿಡ್ಡ ಹುಲ್ಲಿನಲ್ಲಿ ಸಿಂಹ ಅಡಗಿ ಕೂರಲು ಎಡೆಯಿಲ್ಲ. ಜೀಬ್ರಾ ಮುಂದೆ ಹೋಗಿ ಒರಟಾದ ಉದ್ದ ಕಡ್ಡಿಗಳನ್ನು ಮೇಯುತ್ತದೆ. ಅದರ ಹಿಂದೆ ಬರುವ ವಿಲ್ಡಬೀಸ್ಟ್ ಎಲೆಗಳನ್ನು ಮೇಯುತ್ತದೆ. ಆಮೇಲೆ ಬರುವ ಪುಟ್ಟ ಗೆಜೆಲ್ ಹುಲ್ಲೆಗಳಿಗೆ ನೆಲಮಟ್ಟದ ಚಿಗುರು ಸಿಗುತ್ತದೆ. ಒಂದೇ ಪಂಕ್ತಿಯಲ್ಲಿ ಮೂವರ ಊಟ.

ಇದನ್ನು ನೋಡಲು ಹೋಗುವುದಕ್ಕೆ ಸಫಾರಿ ಎನ್ನುತ್ತೇವೆ. ಇದು ಸ್ವಾಹಿಲಿ ಭಾಷೆಯ ಮಾತು, ಮೂಲ ಅರಬ್ಬಿಯದು. ಅರ್ಥ ಕೇವಲ "ಪ್ರಯಾಣ". ಮೃಗ ನೋಡುವುದೆಂಬ ಅರ್ಥ ಅದಕ್ಕೆ ಮೊದಲು ಇರಲಿಲ್ಲ. ಕಿಲಿಮಂಜಾರೊ ಅಥವಾ ನೈರೋಬಿ ವಿಮಾನ ನಿಲ್ದಾಣದಲ್ಲಿ ಇಳಿದು ಅಲ್ಲಿಂದ ಮೋಟಾರು ಗಾಡಿಯಲ್ಲಿ ಹೋಗಬೇಕು. ಕೀನ್ಯಾಕ್ಕೆ ಹೋಗಿ ಬರುವ ಭಾರತೀಯರು ಪ್ರಯಾಣಕ್ಕೆ ಕನಿಷ್ಠ 10 ದಿನ ಮುಂಚೆ ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡಿರಬೇಕು. ಖರ್ಚು ವಿದ್ಯಾರ್ಥಿಗಳ ಜೇಬಿಗೆ ನಿಲುಕುವಂಥದ್ದಲ್ಲ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಹೋಗಿಬಂದವರು ಹೇಳುವ ಇನ್ನೊಂದು ವಿಷಯವನ್ನು ಗಮನಿಸಿ. ಟೆಲಿವಿಷನ್ನಿನ ಒಂದು ನಿಮಿಷದ ಹೊಳೆದಾಟದ ಹಿಂದೆ ಛಾಯಾಗ್ರಾಹಕರ ವಾರಗಟ್ಟಲೆಯ ಕಾಯುವಿಕೆ ಇರುತ್ತದೆ. ಎಷ್ಟೋ ದಿನ ಹಿಂಡು ದಂಡೆಯವರೆಗೆ ಬಂದು, ನೀರು ನೋಡಿ, ಹಿಂದಿರುಗಿಬಿಡುತ್ತದೆ!

ಇನ್ನು ನಮ್ಮ ಬಯಲಿಗೆ ಬರೋಣ. ಕಡೂರಿನ ಕಡೆ ನಿಂತು ಪಡುವಣ ದಿಕ್ಕಿಗೆ ನೋಡಿದರೆ ಬಾಬಾಬುಡನ್‌ಗಿರಿಯ ಸಾಲು ಕಾಣುತ್ತದೆ. 1,900 ಮೀಟರಿಗೂ ಎತ್ತರದ ಶಿಖರಗಳುಳ್ಳ ಈ ಸಾಲೂ ಅದರಾಚೆಯ ಘಟ್ಟಗಳೂ ಮುಂಗಾರಿನ ಮೋಡಗಳನ್ನು ತಡೆದು ನೀರನ್ನು ಇಳಿಸಿಕೊಂಡುಬಿಡುತ್ತವೆ. ಅದೇ ಜಿಲ್ಲೆಯ ಶೃಂಗೇರಿಯಲ್ಲಿ ಕೊಡೆ ಮಡಚಲು ಬಿಡುವಿಲ್ಲ. ಕಡೂರಿಗೆ ದಕ್ಕುವುದು ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು. ಸೆರೆಂಗೆಟಿಯ ಗಿಡ್ಡ ಹುಲ್ಲಿನ ಬಯಲಿಗೆ ಬೀಳುವುದೂ ಹೆಚ್ಚುಕಡಿಮೆ ಇಷ್ಟೇ. ಅಷ್ಟೇ ಏಕೆ, ಗರಿಕೆ ಅಲ್ಲಿಯೂ ಇದೆ, ಇಲ್ಲಿಯೂ ಇದೆ. ಪಂಚೆಗೆ ಚುಚ್ಚಿಕೊಂಡು ಕಾಡುವ ಊಬಿನ ಹುಲ್ಲು ಎರಡೂ ಕಡೆ ಉಂಟು. ಅಲ್ಲಿ ಕೊಡೆಯಾಕಾರದ ಜಾಲಿಯಾದರೆ ಇಲ್ಲಿ ಬಿಳಿಜಾಲಿ. ಸಿಂಗಟಗೆರೆಯ ಹೊಲಗಳಲ್ಲಿ ತೂಗುವ ರಾಗಿಯನ್ನು ಮೊತ್ತಮೊದಲು ಒಕ್ಕಲು ಮಾಡಿದವರು ಪೂರ್ವ ಆಫ್ರಿಕದ ಎತ್ತರದ ನಾಡಿನ ಜನ. ಸಾವಿರಾರು ವರ್ಷಗಳ ಹಿಂದೆ ಅದು ಕಡಲು ದಾಟಿ ಬಂತು. ಆಫ್ರಿಕದ ಹುಲ್ಲು ನಮ್ಮ ನೆಲದಲ್ಲಿ ಬೇರೂರಿ ಮುದ್ದೆಯಾದದ್ದು ನೆಲ ಮತ್ತು ಹವೆ ಅದಕ್ಕೆ ಪರಿಚಿತವೆನಿಸಿದ್ದರಿಂದಲೇ ಇರಬೇಕು.

ಇದೇ ಕಡೂರು ತಾಲ್ಲೂಕಿನಲ್ಲಿ ಬಾಸೂರು ಎಂಬ ಊರಿದೆ. ಅದರ ಬಳಿಯ ಅಮೃತಮಹಲ್ ಕಾವಲನ್ನು 2011ರಲ್ಲಿ ಸರಕಾರ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು. ವಿಸ್ತೀರ್ಣ 7 ಚದರ ಕಿ.ಮೀ.ಗಿಂತ ತುಸು ಹೆಚ್ಚು. ಲೆಕ್ಕ ಹಾಕಿ ನೋಡಿ, ಸೆರೆಂಗೆಟಿಯ ಎರಡು ಸಾವಿರದಲ್ಲಿ ಒಂದು ಪಾಲು! ಅಲ್ಲಿ ಕೃಷ್ಣಮೃಗಗಳಿವೆ, ತೋಳಗಳಿವೆ, ನರಿಗಳಿವೆ, ಚಳಿಗಾಲದಲ್ಲಿ ದೂರದೇಶದಿಂದ ಬರುವ ಹಕ್ಕಿಗಳಿವೆ. ಇವು ಉಳಿದದ್ದು ಹೇಗೆ ಎಂದು ಕೇಳಿದರೆ, ಉತ್ತರ ಸುಮಾರು ಮುನ್ನೂರು ವರ್ಷಗಳಷ್ಟು ಹಳೆಯದು. ಅದನ್ನು ತಿಳಿಯಲು ಮೃಗಗಳನ್ನು ಬಿಟ್ಟು ಸ್ವಲ್ಪ ಹೊತ್ತು ದನಗಳ ಹಿಂದೆ ಹೋಗಬೇಕು.

ಮೈಸೂರಿನ ಅರಸರಾದ ಚಿಕ್ಕದೇವರಾಜ ಒಡೆಯರು (ಆಳ್ವಿಕೆ 1673ರಿಂದ 1704) ಅರಮನೆಯ ದನಗಳಿಗಾಗಿ ಒಂದು ಇಲಾಖೆ ಏರ್ಪಡಿಸಿದರು. ಅದರ ಹೆಸರು ಬೆಣ್ಣೆ ಚಾವಡಿ. ಹೆಸರು ಬೆಣ್ಣೆಯದಾದರೂ ಮುಂದೆ ಅದರ ಮುಖ್ಯ ಉಪಯೋಗ ಯುದ್ಧಕ್ಕಾಯಿತು. ಫಿರಂಗಿ ಎಳೆಯಲು, ಸಾಮಾನು ಸಾಗಿಸಲು ಚುರುಕಾದ ಎತ್ತುಗಳು ಬೇಕಾಗಿದ್ದವು. ಹೈದರಾಲಿ ಈ ಎತ್ತುಗಳ ಬಲದಿಂದ ಎರಡೂವರೆ ದಿನಗಳಲ್ಲಿ ನೂರು ಮೈಲಿ ಸಾಗಿದನೆಂದು ಹಳೆಯ ಗೆಜೆಟಿಯರುಗಳು ಹೇಳುತ್ತವೆ. ಟಿಪ್ಪು ಸುಲ್ತಾನ್ ಇಲಾಖೆಗೆ ಅಮೃತಮಹಲ್ ಎಂದು ಹೊಸ ಹೆಸರಿಟ್ಟ. 1799ರ ನಂತರ ಇದು ಬ್ರಿಟಿಷರ ಸೈನ್ಯಕ್ಕೂ ಬೇಕಾಯಿತು. 1860ರಲ್ಲಿ ಖರ್ಚು ಉಳಿಸಲೆಂದು ಹಿಂಡುಗಳನ್ನು ಮಾರಿಬಿಟ್ಟರು. ಅಂಥ ಎತ್ತು ಬೇರೆಲ್ಲೂ ಸಿಗದೆ ಕೆಲವೇ ವರ್ಷಗಳಲ್ಲಿ ಮತ್ತೆ ಕಟ್ಟತೊಡಗಿದರು. ನಮ್ಮ ಸರಕಾರಿ ಮಿತವ್ಯಯಗಳಿಗೆ ಇದು ಒಳ್ಳೆಯ ಪೂರ್ವಜ! 1882ರಲ್ಲಿ ಇಲಾಖೆ ಮೈಸೂರು ಸರಕಾರಕ್ಕೆ ಮರಳಿತು. 1929ರಲ್ಲಿ ಅಜ್ಜಂಪುರದಲ್ಲಿ ತಳಿ ಸಂವರ್ಧನ ಕೇಂದ್ರ ಆರಂಭವಾಯಿತು. ನೀಳವಾದ ಕೊಂಬುಗಳು ಹಿಂದಕ್ಕೆ ಬಾಗಿ ಮೇಲೇರಿದ ಆ ಬೂದುಬಣ್ಣದ ದನಗಳನ್ನು ಈಗಲೂ ಆ ಸೀಮೆಯಲ್ಲಿ ನೋಡಬಹುದು.

ಈ ದನಗಳ ಮೇವಿಗೆಂದು ಕಾದಿರಿಸಿದ ನೆಲವೇ ಕಾವಲು. ಪದವನ್ನು ಗಮನಿಸಿ: ಕಾಯುವುದರಿಂದ ಕಾವಲು. ಉಳುವಂತಿಲ್ಲ, ಮರ ಕಡಿಯುವಂತಿಲ್ಲ. "ಮೀಸಲು ಪ್ರದೇಶ" ಎಂಬ ಮಾತನ್ನು ಕಾನೂನಿನ ಪುಸ್ತಕ ಬಳಸುವುದಕ್ಕೆ ಎಷ್ಟೋ ಮುಂಚೆ ನಮ್ಮ ಹಳ್ಳಿಗರ ಬಾಯಲ್ಲಿ ಅದೇ ಅರ್ಥದ ಮಾತು ಇತ್ತು.

ಇನ್ನೂ ಸ್ವಾರಸ್ಯದ ವಿಷಯವೆಂದರೆ ಕಾವಲುಗಳನ್ನು ಮೂರು ಬಗೆಯಾಗಿ ವಿಂಗಡಿಸಿದ್ದರು: ಬೇಸಿಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು. ಕೆರೆಯಂಗಳದಂತೆ ತೇವವಿದ್ದು ಬೇಸಿಗೆಯಲ್ಲೂ ಹಸಿರು ಉಳಿಯುವ, ನೆರಳಿರುವ ಜಾಗಗಳು ಬೇಸಿಗೆಗೆ. ಮಳೆ ಬಿದ್ದಾಗ ಮಾತ್ರ ಹುಲ್ಲೂ ಹೊಂಡದಲ್ಲಿ ನೀರೂ ಕಾಣುವ ಬಯಲುಗಳು ಮಳೆಗಾಲಕ್ಕೆ. ಋತು ಬದಲಾದಂತೆ ಹಿಂಡುಗಳನ್ನು ಒಂದರಿಂದ ಇನ್ನೊಂದಕ್ಕೆ ನಡೆಸುತ್ತಿದ್ದರು. ದನ ಬಿಟ್ಟುಹೋದ ಕಾವಲಿನಲ್ಲಿ ಹುಲ್ಲು ತಲೆಯೆತ್ತಿ, ತೆನೆ ಬಿಟ್ಟು, ಬೀಜ ಉದುರಿಸಲು ಬಿಡುವು ಸಿಗುತ್ತಿತ್ತು. ಸೆರೆಂಗೆಟಿಯಲ್ಲಿ ವಿಲ್ಡಬೀಸ್ಟ್‌ಗಳು ಹುಟ್ಟುಗುಣದಿಂದ ಮಾಡುವ ಸುತ್ತನ್ನು ಮೈಸೂರಿನ ಒಂದು ಇಲಾಖೆ ಕಡತ ಬರೆದು, ಹುಕುಂ ಹೊರಡಿಸಿ ಮಾಡಿಸುತ್ತಿತ್ತು ಎನ್ನಬಹುದು. ಫಿರಂಗಿ ಎಳೆಯುವ ಎತ್ತುಗಳಿಗಾಗಿ ಕಾದ ಹುಲ್ಲಿನಲ್ಲಿ ಕೃಷ್ಣಮೃಗವೂ ತೋಳವೂ ಬದುಕಿಕೊಂಡವು. ಯಾರೂ ಅವಕ್ಕಾಗಿ ಕಾವಲು ಹಾಕಿರಲಿಲ್ಲ.

ದನಕ್ಕೂ ಮೃಗಕ್ಕೂ ಇರುವ ನಂಟನ್ನು ತೋರಿಸುವ ಮತ್ತೊಂದು ಕಥೆ ಆಫ್ರಿಕದಲ್ಲೇ ನಡೆದಿದೆ. ನಮ್ಮ ಹಿರಿಯರು ದೊಡ್ಡರೋಗ ಎನ್ನುತ್ತಿದ್ದ ದನಗಳ ಸಾಂಕ್ರಾಮಿಕವನ್ನು ಇಂಗ್ಲಿಷಿನಲ್ಲಿ ರಿಂಡರ್‌ಪೆಸ್ಟ್ ಎನ್ನುತ್ತಾರೆ. 1880ರ ದಶಕದ ಕೊನೆಯಲ್ಲಿ ಅದು ಸೋಂಕು ತಗುಲಿದ ದನಗಳೊಡನೆ ಹಡಗಿನಲ್ಲಿ ಪೂರ್ವ ಆಫ್ರಿಕ ಸೇರಿತು. ಮಸಾಯಿಗಳ ದನಗಳಲ್ಲಿ ಬಹುಪಾಲು ಸತ್ತವು, ಅವರಲ್ಲಿ ಹಸಿವಿನಿಂದ ಸತ್ತವರಿಗೆ ಲೆಕ್ಕವಿಲ್ಲ. ಕಾಡೆಮ್ಮೆ, ವಿಲ್ಡಬೀಸ್ಟ್‌ಗಳೂ ಸತ್ತವು. ಆಮೇಲೆ ಎಷ್ಟೋ ದಶಕಗಳ ಕಾಲ ವಿಲ್ಡಬೀಸ್ಟ್ ಕರುಗಳು ಪ್ರತಿವರ್ಷ ಇದೇ ರೋಗಕ್ಕೆ ಬಲಿಯಾಗುತ್ತಿದ್ದವು. ಮೃಗಗಳಿಂದಲೇ ದನಗಳಿಗೆ ರೋಗ ತಗಲುತ್ತದೆ ಎಂದು ಜನ ನಂಬಿದ್ದರು. 1950ರ ದಶಕದಿಂದ ಸುತ್ತಲಿನ ದನಗಳಿಗೆ ಲಸಿಕೆ ಹಾಕತೊಡಗಿದರು. ಮೃಗಗಳನ್ನು ಯಾರೂ ಮುಟ್ಟಲಿಲ್ಲ. ಆದರೂ 1960ರ ದಶಕದ ಆರಂಭದ ಹೊತ್ತಿಗೆ ರೋಗ ಮೃಗಗಳಿಂದಲೂ ಮಾಯವಾಯಿತು! ರೋಗದ ನೆಲೆ ದನವೇ ಆಗಿತ್ತು ಎಂದು ಇದರಿಂದ ಸ್ಪಷ್ಟವಾಯಿತು. 1961ರಲ್ಲಿ ಸುಮಾರು ಎರಡೂವರೆ ಲಕ್ಷವಿದ್ದ ವಿಲ್ಡಬೀಸ್ಟ್‌ಗಳು 1977ರ ಹೊತ್ತಿಗೆ 13 ಲಕ್ಷ ದಾಟಿದವು. ಅವು ಹುಲ್ಲನ್ನು ಮೇದು ಗಿಡ್ಡವಾಗಿಸಿದ್ದರಿಂದ ಬೇಸಿಗೆಯ ಬೆಂಕಿಗೆ ಸೌದೆ ಕಡಿಮೆಯಾಯಿತು, ಬೆಂಕಿ ಕಡಿಮೆಯಾದ್ದರಿಂದ ಎಳೆಯ ಮರಗಳು ತಲೆಯೆತ್ತಿದವು. ತೆರೆಯ ಮೇಲೆ ನಾವು ನೋಡುವ ಆ ಮಹಾಹಿಂಡು ದನದ ಡಾಕ್ಟರರ ಸೂಜಿಯಿಂದ ಬಂದದ್ದು ಎಂದರೆ ತಪ್ಪಾಗಲಾರದು. 2011ರಲ್ಲಿ, ಅಂದರೆ ಬಾಸೂರು ಮೀಸಲು ಪ್ರದೇಶವಾದ ವರ್ಷವೇ, ಈ ರೋಗ ಭೂಮಿಯಿಂದ ನಿರ್ಮೂಲವಾಯಿತೆಂದು ಘೋಷಿಸಲಾಯಿತು.

ಕಾವಲಿನ ಕೃಷ್ಣಮೃಗವನ್ನು ಈಗ ಹತ್ತಿರದಿಂದ ನೋಡೋಣ. ಉತ್ತರ ಕರ್ನಾಟಕದಲ್ಲಿ ಚಿಗರಿ ಎನ್ನುತ್ತಾರೆ. ಜಿಂಕೆ ಎಂದು ಕರೆಯುವ ರೂಢಿ ಇದ್ದರೂ ಇದು ಚುಕ್ಕೆಜಿಂಕೆಯ ಗುಂಪಿನದಲ್ಲ. ಚುಕ್ಕೆಜಿಂಕೆಯ ಕೊಂಬು ಕವಲೊಡೆಯುತ್ತದೆ, ಬಿದ್ದುಹೋಗಿ ಮತ್ತೆ ಮೂಡುತ್ತದೆ. ಕೃಷ್ಣಮೃಗದ್ದು ಕವಲಿಲ್ಲದ, ತಿರುಪಿನಂತೆ ಸುತ್ತಿದ ಕೊಂಬು, ಜೀವವಿರುವವರೆಗೂ ಅದೇ. ಸಾಮಾನ್ಯವಾಗಿ ಗಂಡಿಗೆ ಮಾತ್ರ ಕೊಂಬು. ಹೆಣ್ಣೂ ಮರಿಯೂ ಒಣಹುಲ್ಲಿನ ಬಣ್ಣ. ಗಂಡು ವಯಸ್ಸಾದಂತೆ ಕಪ್ಪಾಗುತ್ತ ಹೋಗುತ್ತದೆ, ಹೊಟ್ಟೆ ಮತ್ತು ಕಣ್ಣಿನ ಸುತ್ತ ಮಾತ್ರ ಬಿಳುಪು. ಬಲಿತ ಗಂಡು ಒಂದು ತುಂಡು ನೆಲವನ್ನು ತನ್ನದೆಂದು ಹಿಡಿದುಕೊಂಡು, ಒಂದೇ ಜಾಗದಲ್ಲಿ ಹಿಕ್ಕೆ ಹಾಕಿ ಗುರುತು ಮಾಡುತ್ತದೆ. ಕಾವಲಿನಲ್ಲಿ ನಡೆಯುವಾಗ ಇಂಥ ಹಿಕ್ಕೆಯ ಗುಡ್ಡೆ ಕಂಡರೆ, ನೀವು ಒಬ್ಬರ ಜಮೀನಿನೊಳಗೆ ಕಾಲಿಟ್ಟಿದ್ದೀರಿ ಎಂದು ತಿಳಿಯಿರಿ.

ಓಟದಲ್ಲಿ ಗಂಟೆಗೆ ಸುಮಾರು 80 ಕಿ.ಮೀ. ವೇಗ. ತೋಳದಿಂದ ಪಾರಾಗಲು ಇಷ್ಟು ವೇಗ ಬೇಕಿಲ್ಲ. ಇದು ಇನ್ನೊಂದು ಶತ್ರುವಿಗಾಗಿ ರೂಪುಗೊಂಡ ಓಟವೆಂದು ಹಲವು ಪ್ರಾಣಿಶಾಸ್ತ್ರಜ್ಞರ ಅಭಿಪ್ರಾಯ. ಆ ಶತ್ರು ಚೀತಾ. ನಮ್ಮ ಹಳೆಯ ಮಾತಿನಲ್ಲಿ ಸಿವಂಗಿ. ಅದಕ್ಕೊಂದು ಕನ್ನಡದ ಹೆಸರಿತ್ತು ಎಂದ ಮೇಲೆ ಅದು ಕನ್ನಡಿಗರು ಕಣ್ಣಾರೆ ಕಂಡ ಪ್ರಾಣಿಯೇ ಆಗಿದ್ದಿರಬೇಕು. ಅರಸರು ಅದನ್ನು ಪಳಗಿಸಿ ಕೃಷ್ಣಮೃಗದ ಬೇಟೆಗೆ ಬಿಡುತ್ತಿದ್ದರು. 1952ರಲ್ಲಿ ಭಾರತದಿಂದ ಚೀತಾ ಅಳಿಯಿತೆಂದು ಘೋಷಿಸಲಾಯಿತು. 2022ರ ಸೆಪ್ಟೆಂಬರಿನಲ್ಲಿ ನಮೀಬಿಯಾದಿಂದ ಎಂಟು ಚೀತಾಗಳನ್ನು ತಂದು ಮಧ್ಯಪ್ರದೇಶದ ಕುನೋದಲ್ಲಿ ಬಿಟ್ಟದ್ದನ್ನು ಟೆಲಿವಿಷನ್ನಿನಲ್ಲಿ ನೀವೂ ನೋಡಿರಬಹುದು. ಕಡೂರಿನ ಕೃಷ್ಣಮೃಗ ಮಾತ್ರ ಬೆನ್ನಟ್ಟುವವರಿಲ್ಲದಿದ್ದರೂ ಅದೇ ವೇಗದಲ್ಲಿ ಓಡುತ್ತಿದೆ.

ಇಂದು ಬೆನ್ನಟ್ಟುವುದು ತೋಳ. ಹುಲಿ ದಟ್ಟ ಕಾಡಿನದಾದರೆ ತೋಳ ಬಯಲಿನದು. 2022ರ ಅಂದಾಜಿನಂತೆ ದೇಶದಲ್ಲಿ 3,600ಕ್ಕೂ ಹೆಚ್ಚು ಹುಲಿಗಳಿವೆ. ತೋಳಗಳ ಅಂದಾಜು 3,000ದ ಆಸುಪಾಸು. ಅಂದರೆ ಹುಲಿಗಿಂತ ತೋಳವೇ ವಿರಳ! ಆದರೂ ಹುಲಿಗೆ ಸಿಗುವ ಗೌರವ ತೋಳಕ್ಕಿಲ್ಲ. ಕುರಿಗಾಹಿಯ ಕಷ್ಟವನ್ನು ಇಲ್ಲಿ ಮರೆಯಬಾರದು. ರಾತ್ರಿ ಹಟ್ಟಿಯಿಂದ ಎರಡು ಕುರಿ ಹೋದರೆ ಅದು ಒಂದು ಸಂಸಾರದ ತಿಂಗಳ ಗಂಜಿ. ಪರಿಹಾರದ ಅರ್ಜಿ ಹಿಡಿದು ಕಚೇರಿ ಸುತ್ತುವುದರಲ್ಲಿ ಇನ್ನೆರಡು ಕುರಿಯ ಬೆಲೆ ಕಳೆದಿರುತ್ತದೆ. ಹಾಗಿದ್ದೂ ನಾನು ಮಾತನಾಡಿಸಿದ ಒಬ್ಬ ಹಿರಿಯ ಕುರಿಗಾಹಿ, "ಅದರ ಪಾಲು ಅದಕ್ಕೂ ಇರ್ತದಲ್ಲ ಸ್ವಾಮೀ" ಎಂದರು. ಎಲ್ಲರೂ ಹಾಗೆನ್ನುತ್ತಾರೆಂದು ನಾನು ಹೇಳಲಾರೆ.

ಕಾವಲಿಗೆ ಒದಗಿರುವ ನಿಜವಾದ ಗಂಡಾಂತರ ತೋಳವೂ ಅಲ್ಲ, ಕುರಿಯೂ ಅಲ್ಲ. ಅದು ಒಂದು ಪದ: ಬಂಜರು. ಕಂದಾಯ ಕೊಡದ, ಮರವಿಲ್ಲದ ನೆಲವನ್ನು ಬ್ರಿಟಿಷರ ಕಾಲದಿಂದಲೂ ಬಂಜರೆಂದು ದಾಖಲೆಯಲ್ಲಿ ಬರೆಯುತ್ತ ಬಂದೆವು. ಬಂಜರೆಂದ ಮೇಲೆ ಅದನ್ನು ಯಾವುದಕ್ಕಾದರೂ "ಉಪಯೋಗಿಸಬೇಕು" ತಾನೆ? ಒಂದು ಕಾಲಕ್ಕೆ ಹಳೆಯ ಮೈಸೂರಿನಲ್ಲಿ ಅಮೃತಮಹಲ್ ಕಾವಲುಗಳು 4 ಲಕ್ಷ ಎಕರೆಗೂ ಹೆಚ್ಚಿದ್ದವು. ಇಂದು ಉಳಿದಿರುವುದು 70,000 ಎಕರೆಗೂ ಕಡಿಮೆ. ಕೆಲವು ಭೂಮಿಯಿಲ್ಲದವರಿಗೆ ಹಂಚಿಕೆಯಾದವು, ಕೆಲವು ಒತ್ತುವರಿಯಾದವು. ಚಳ್ಳಕೆರೆಯ ಬಳಿ ವಿಶಾಲವಾದ ಕಾವಲು 2009ರ ನಂತರ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹೋಯಿತು. ಆ ಸಂಸ್ಥೆಗಳು ದೇಶಕ್ಕೆ ಬೇಡವೆಂದಲ್ಲ. ಆದರೆ ಅಲ್ಲಿ ತಲೆಮಾರುಗಳಿಂದ ಕುರಿ ಮೇಯಿಸುತ್ತಿದ್ದ ಹಳ್ಳಿಗರು ಬೇಲಿ ಎದ್ದ ಮೇಲೆ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು.

ಮರ ನೆಟ್ಟು ಹಾಳು ಮಾಡಬಹುದು ಎಂದರೆ ನಿಮಗೆ ಆಶ್ಚರ್ಯವಾಗಬಹುದು. ವನಮಹೋತ್ಸವದಲ್ಲಿ ನಾವೆಲ್ಲ ಸಸಿ ನೆಟ್ಟವರೇ. ರಾಣೆಬೆನ್ನೂರಿನಲ್ಲಿ 1974ರಲ್ಲಿ 119 ಚದರ ಕಿ.ಮೀ. ವಿಸ್ತೀರ್ಣದ ಕೃಷ್ಣಮೃಗ ಅಭಯಾರಣ್ಯವಾಯಿತು. ಆ ಬಯಲಿನ ಬಹುಭಾಗವನ್ನು ನೀಲಗಿರಿ ಮರ ಆವರಿಸಿತು. ಕೃಷ್ಣಮೃಗಗಳು ಹೇಗೋ ಹೊಂದಿಕೊಂಡವು. ಆದರೆ ಎರೆಭೂತ ಎಂದು ಹೆಸರಾದ, ಮೀಟರಿನಷ್ಟು ಎತ್ತರದ ಹಕ್ಕಿಗೆ ದೂರದವರೆಗೆ ಕಣ್ಣು ಹಾಯುವ ತೆರೆದ ಬಯಲೇ ಬೇಕು. ಒಂದು ಕಾಲಕ್ಕೆ ಅಲ್ಲಿದ್ದ ಆ ಹಕ್ಕಿ ಇಂದು ಅಲ್ಲಿಲ್ಲ. ಇನ್ನು ಬಳ್ಳಾರಿ ಜಾಲಿಯಂತೂ ಯಾರೂ ನೆಡದಿದ್ದರೂ ಬರುತ್ತದೆ. ದನ, ಕುರಿ, ಕೃಷ್ಣಮೃಗ ಎಲ್ಲವೂ ಅದರ ಸಿಹಿ ಕಾಯಿ ತಿಂದು ಬೀಜವನ್ನು ಊರೂರಿಗೆ ಹಂಚುತ್ತವೆ. ಅದು ದಟ್ಟವಾಗಿ ಹಬ್ಬಿದ ಕಡೆ ಹುಲ್ಲಿಗೆ ಬಿಸಿಲಿಲ್ಲ.

ಹಾಗಾದರೆ ಬೇಲಿ ಹಾಕಿ ಜನರನ್ನೂ ದನವನ್ನೂ ಹೊರಗಿಟ್ಟರೆ ಸರಿಹೋಗುವುದೇ? ಸೆರೆಂಗೆಟಿಯಲ್ಲಿ ಹಾಗೆಯೇ ಮಾಡಿದರು. 1959ರಲ್ಲಿ ಮಸಾಯಿಗಳನ್ನು ಉದ್ಯಾನದಿಂದ ಹೊರಡಿಸಿ, ಪಕ್ಕದ ಗೊರೊಂಗೊರೊ ಪ್ರದೇಶವನ್ನು ಜನ, ದನ, ಮೃಗ ಮೂರಕ್ಕೂ ಎಂದು ಬೇರೆ ಮಾಡಿದರು. ಅಲ್ಲಿಯೂ ಎಷ್ಟು ಜನ, ಎಷ್ಟು ದನ ಇರಬೇಕೆಂಬ ಜಗಳ ಇನ್ನೂ ನಿಂತಿಲ್ಲ. ನಮ್ಮ ವನ್ಯಜೀವಿ ಸಂರಕ್ಷಣಾ ಕಾಯಿದೆ 1972ರದು. ಅದಕ್ಕೆ 2002ರಲ್ಲಿ ತಂದ ತಿದ್ದುಪಡಿಯಿಂದ "ಸಂರಕ್ಷಣಾ ಮೀಸಲು" ಎಂಬ ಹೊಸ ಬಗೆ ಬಂತು. ಸರಕಾರದ ನೆಲವನ್ನು ಸ್ಥಳೀಯರೊಡನೆ ಸಮಾಲೋಚಿಸಿ ಘೋಷಿಸಬೇಕು, ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಯವರೂ ಇರಬೇಕು. ರಾಷ್ಟ್ರೀಯ ಉದ್ಯಾನದಂತೆ ದನದ ಮೇವಿಗೆ ಪೂರ್ತಿ ಅಡ್ಡಿಯಿಲ್ಲ. ಬಾಸೂರು ಈ ಬಗೆಯದು. ನನ್ನ ಮಟ್ಟಿಗೆ ಇದು ನಮ್ಮ ನೆಲಕ್ಕೆ ಹೆಚ್ಚು ಒಪ್ಪುವ ದಾರಿ. ಕಾವಲು ಹುಟ್ಟಿದ್ದೇ ದನದಿಂದ ಅಲ್ಲವೇ? ಎಷ್ಟು ದನ, ಯಾವ ತಿಂಗಳು ಎಂಬುದನ್ನು ಹಳೆಯ ಇಲಾಖೆಯವರಂತೆ ಲೆಕ್ಕವಿಟ್ಟು ನಡೆಸಬೇಕಾದದ್ದು ಮಾತ್ರ ಮುಖ್ಯ.

ನೋಡಲು ಹೋಗಬೇಕೆಂದು ಈಗ ನಿಮಗನ್ನಿಸಿದ್ದರೆ ಕೆಲವು ಮಾತು. ನಾನು ಮೊದಲ ಸಲ ಹೋದದ್ದು ಗೆಳೆಯನ ಮೋಟಾರ್ ಸೈಕಲ್ಲಿನಲ್ಲಿ, ಬೆಳಗಿನ ಹನ್ನೊಂದು ಗಂಟೆಗೆ. ಕಂಡದ್ದು ಧೂಳು, ಮತ್ತು ದೂರದಲ್ಲಿ ನೆಗೆದು ಮರೆಯಾದ ಕೆಲವು ಬಾಲಗಳು. ತಪ್ಪು ನಮ್ಮದೇ. ಕೃಷ್ಣಮೃಗ ನೆಚ್ಚುವುದು ಮುಖ್ಯವಾಗಿ ಕಣ್ಣನ್ನು. ತೆರೆದ ಬಯಲಿನಲ್ಲಿ ಅದು ನಿಮ್ಮನ್ನು ಕಾಣುವ ಮೊದಲೇ ನೀವು ಅದನ್ನು ಕಾಣುವುದು ಅಪರೂಪ. ಆದ್ದರಿಂದ ಅಡಗುವ ಪ್ರಯತ್ನ ಬೇಡ. ಅರಣ್ಯ ಇಲಾಖೆಯ ಅನುಮತಿ ಪಡೆದು, ನಿಮ್ಮ ಅಧ್ಯಾಪಕರೊಡನೆ, ಐದಾರು ಮಂದಿಯ ಸಣ್ಣ ಗುಂಪಾಗಿ, ಹೊತ್ತು ಮೂಡುವ ಮುಂಚೆ ಹೋಗಿ. ಕಾವಲಿನ ಅಂಚಿನಲ್ಲಿ ಕುಳಿತುಬಿಡಿ. ನಾಯಿಯನ್ನು ಕರೆದೊಯ್ಯಬೇಡಿ. ಮಣ್ಣಿನ ಬಣ್ಣದ ಬಟ್ಟೆಯಿರಲಿ. ಮಳೆ ಮುಗಿದು ಹುಲ್ಲು ಬಲಿತಿರುವ ನವೆಂಬರಿನಿಂದ ಜನವರಿಯವರೆಗೆ ಹೋದರೆ ಹಕ್ಕಿಗಳೂ ಸಿಗುತ್ತವೆ. ಹುಲ್ಲಿನ ಮೇಲೆ ಆಳೆತ್ತರದಲ್ಲಿ ತೇಲುತ್ತ ಹೋಗುವ ನೀಳ ರೆಕ್ಕೆಯ ಗಿಡುಗ ಕಂಡರೆ, ಅದು ಮಧ್ಯ ಏಷ್ಯಾದ ಕಡೆಯಿಂದ ಚಳಿಗಾಲ ಕಳೆಯಲು ಬಂದ ಅತಿಥಿ ಇರಬಹುದು. ಅದು ಬಂದಿರುವುದು ಇಲ್ಲಿನ ಮಿಡತೆಗಳಿಗಾಗಿ. ಟಿಟ್ಟಿಭ ಕೂಗಿಕೊಂಡು ತಲೆಯ ಮೇಲೆ ಸುತ್ತಿದರೆ ಎದ್ದು ಬೇರೆಡೆ ಕುಳಿತುಕೊಳ್ಳಿ, ಹತ್ತಿರದಲ್ಲಿ ಎಲ್ಲೋ ಅದರ ಮೊಟ್ಟೆಯಿದೆ.

ಹುಲ್ಲಿನಲ್ಲಿ ಒಂಟಿಯಾಗಿ ಮುದುಡಿ ಮಲಗಿದ ಕೃಷ್ಣಮೃಗದ ಮರಿ ಕಂಡರೆ ದಯವಿಟ್ಟು ಎತ್ತಿಕೊಳ್ಳಬೇಡಿ. ಅನಾಥವೆಂದು ಕನಿಕರಪಟ್ಟು ಮನೆಗೆ ತರುವವರಿದ್ದಾರೆ. ಅದು ಅನಾಥವಲ್ಲ. ತಾಯಿ ಬೇಕೆಂದೇ ಅದನ್ನು ಅಲ್ಲಿ ಮಲಗಿಸಿ ದೂರದಲ್ಲಿ ಮೇಯುತ್ತಿರುತ್ತಾಳೆ. ತಾನು ಹತ್ತಿರ ನಿಂತರೆ ತೋಳಕ್ಕೆ ಗುರುತು ಸಿಗುತ್ತದೆಂದೇ ದೂರ ಇರುತ್ತಾಳೆ. ನೀವು ನೂರು ಹೆಜ್ಜೆ ಹಿಂದೆ ಸರಿದು ಸುಮ್ಮನೆ ಕುಳಿತರೆ, ಅರ್ಧ ಗಂಟೆಗೋ ಒಂದು ಗಂಟೆಗೋ ಹುಲ್ಲಿನ ಬಣ್ಣದ ಒಂದು ತಲೆ ಮೇಲೇಳುತ್ತದೆ, ಸುತ್ತ ನೋಡುತ್ತದೆ, ಆಮೇಲೆ ಮರಿಯ ಕಡೆ ನಿಧಾನವಾಗಿ ನಡೆದುಬರುತ್ತದೆ.